ಅಜ್ಜನ ಜೀಪು, ಅಪ್ಪನ ತಲೆನೋವು ಮತ್ತು ಒಂದು ಬಿರುಕು ಬಿಟ್ಟ ಮ್ಯಾನಿಫೋಲ್ಡ್

ಕಳೆದ ಮಳೆಗಾಲದ ಒಂದು ಸಂಜೆ ಅಪ್ಪ ಖಾನಾಪುರದಿಂದ ನಂದಗಡಕ್ಕೆ ಜೀಪಿನಲ್ಲಿ ಬಂದರು. ಇಳಿದವರೇ ಕಟ್ಟೆಯ ಮೇಲೆ ಕೂತುಬಿಟ್ಟರು. ತಲೆ ಸಿಡಿಯುತ್ತಿದೆ ಎಂದರು, ಆಮೇಲೆ ವಾಂತಿ ಮಾಡಿಕೊಂಡರು. ಅವ್ವ ಪಿತ್ತ ಎಂದಳು. ಡಾಕ್ಟರೂ ಅದನ್ನೇ ಹೇಳಿದರು. ಗಂಟೆಯೊಳಗೆ ಸರಿಹೋದರು. ಎರಡು ವಾರ ಬಿಟ್ಟು ಮತ್ತೆ ಹಾಗೇ ಆಯಿತು.

"ಆ ಎರಡೂ ದಿನ ಜೀಪಿನ ಪರದೆ ಕಟ್ಟಿದ್ರೇನು?" ಎಂದು ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದೆ.

"ಮಳಿ ಹೊಡ್ಯಾಕತ್ತಿತ್ತು, ಕಟ್ಟದ ಏನ್ ಮಾಡ್ಲಿ?" ಎಂದರು ಅಪ್ಪ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದೇ ತೊಂದರೆ ಎರಡು ಸಲ, ಒಂದೇ ಪರಿಸ್ಥಿತಿಯಲ್ಲಿ ಬಂದರೆ ಅದನ್ನು ಕಾಕತಾಳೀಯ ಅಂತ ಯಾರೂ ಬಿಡುವುದಿಲ್ಲ. ಆ ಶುಕ್ರವಾರವೇ ರಾತ್ರಿ ಬಸ್ ಹತ್ತಿದೆ.

ಜೀಪಿನ ಬಗ್ಗೆ ಸ್ವಲ್ಪ ಹೇಳಬೇಕು. ಬೆಳಗಾವಿಯಲ್ಲಿ ದಂಡಿನ ಪ್ರದೇಶ ಇರುವುದರಿಂದ ನಮ್ಮ ಕಡೆ ಹಿಂದಿನವರಿಗೆ ಮಿಲಿಟರಿ ಡಿಸ್ಪೋಸಲ್ ಗಾಡಿಗಳು ಹೊಸದೇನಲ್ಲ. ಅಜ್ಜ ತಗೊಂಡಿದ್ದು ಅಂಥದೇ ಒಂದು ವಿಲ್ಲೀಸ್ ಎಂಬಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಇಂಥ ಜೀಪುಗಳನ್ನು ಆರು ಲಕ್ಷಕ್ಕೂ ಹೆಚ್ಚು ಮಾಡಿದ್ದವು. 1947ರಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದ್ದೂ ವಿಲ್ಲೀಸ್ ಜೀಪುಗಳನ್ನೇ. ಇವತ್ತಿನ ಥಾರ್‌ಗೆ ಇದು ಮುತ್ತಜ್ಜ. ನಾಲ್ಕು ಸಿಲಿಂಡರ್, 2199 ಸಿಸಿ, 60 ಹಾರ್ಸ್‌ಪವರ್, ಪೆಟ್ರೋಲ್ ಇಂಜಿನ್. ಕಂಪನಿ ಇದಕ್ಕೆ ಇಟ್ಟ ಹೆಸರು 'ಗೋ ಡೆವಿಲ್'. ಅಜ್ಜ ಮಾತ್ರ 'ಎಮ್ಮಿ' ಅಂತಿದ್ದರಂತೆ. ಕೆಸರು ಕಂಡರೆ ಬಿಡದು, ಕುಡಿಯುವುದೂ ಜಾಸ್ತಿ.

ಬಾನೆಟ್ ಎತ್ತಿ ಬೆಳಗಿನ ತಂಪಿನಲ್ಲಿ ಇಂಜಿನ್ ಶುರು ಮಾಡಿದೆ. ಟಕ್ ಟಕ್ ಟಕ್ ಎಂದು ಸಣ್ಣ ಸದ್ದು. ಎರಡು ನಿಮಿಷಕ್ಕೆ ಕಬ್ಬಿಣ ಬಿಸಿಯಾಗಿ ಹಿಗ್ಗಿದ ಮೇಲೆ ಸದ್ದು ಕಡಿಮೆಯಾಯಿತು. ಅಪ್ಪ ಇದನ್ನು ವರ್ಷಗಟ್ಟಲೆ "ವಾಲ್ವ್ ಸಪ್ಪಳ" ಅಂದುಕೊಂಡಿದ್ದರು. ಟಾರ್ಚ್ ಹಿಡಿದು ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬ್ಲಾಕಿಗೆ ಕೂರುವ ಜಾಗದಲ್ಲಿ ಕರಿ ಮಸಿಯ ಗೆರೆಗಳು, ಹೊಗೆ ನುಗ್ಗಿದ ಗುರುತು. ಅಲ್ಲಿಂದ ಡ್ರೈವರ್ ಕಾಲಿಡುವ ಜಾಗಕ್ಕೆ ದೂರ ಎಷ್ಟು? ನನ್ನ ಒಂದು ಮೊಳ. ನಡುವೆ ಇರುವ ತಗಡಿನಲ್ಲಿ ಪೆಡಲ್‌ಗೆ, ಸ್ಟೀರಿಂಗ್‌ಗೆ, ವೈರಿಗೆ ಅಂತ ತೂತುಗಳೇ ತೂತು.

ಪೆಟ್ರೋಲ್ ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಆಮೇಲೆ ನಿದ್ದೆ ಬಂದಂತಾಗುತ್ತದೆ, ಆ ನಿದ್ದೆಯಿಂದ ಏಳದೇ ಇರಬಹುದು. ಬೇಸಿಗೆಯಲ್ಲಿ ನಾಲ್ಕೂ ಕಡೆ ತೆರೆದಿದ್ದ ಜೀಪಿನಲ್ಲಿ ಗಾಳಿ ಅಪ್ಪನನ್ನು ಉಳಿಸಿತ್ತು. ಮಳೆಗಾಲದ ಪರದೆ ಅವರನ್ನು ಹೊಗೆಯ ಜೊತೆ ಒಳಗೆ ಕೂಡಿಹಾಕಿತ್ತು.

ಮನೆಯಲ್ಲಿ ಪಂಚಾಯ್ತಿ ಕೂತಿತು. ಅವ್ವನದು ಒಂದೇ ಮಾತು, "ಗುಜರಿಗೆ ಹಾಕ್ರಿ." ಕಾಕಾ ಡೀಸೆಲ್ ಇಂಜಿನ್ ಕೂರಿಸೋಣ ಅಂದರು. ನಮ್ಮ ಕಡೆ ಉಳಿದಿರುವ ಹಳೇ ಜೀಪುಗಳಲ್ಲಿ ಅಂಥವು ಬಹಳ. ಆದರೆ 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಇಂಜಿನ್ ಬದಲಿಸಿದರೆ ಆ ದಾರಿ ಮುಚ್ಚಿದ ಹಾಗೆ. (ಹಾಗೆ ನೋಂದಾಯಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಅದು ಬೇರೆ ತಲೆನೋವು.) ಕೊನೆಗೆ ದೀಪಾವಳಿ ತನಕ ನನಗೆ ಗಡುವು ಸಿಕ್ಕಿತು. ಅಷ್ಟರಲ್ಲಿ ಹೊಗೆ ನಿಲ್ಲದಿದ್ದರೆ ಜೀಪು ಗುಜರಿಗೆ. ಅಲ್ಲಿಯವರೆಗೆ ಕೀಲಿ ಅವ್ವನ ಟ್ರಂಕಿನಲ್ಲಿ.

ಒಲೆಯ ಮೇಲೆ ಒಲೆ

ಮ್ಯಾನಿಫೋಲ್ಡ್ ಅಂದರೆ ಕೈಬೆರಳುಗಳ ಹಾಗೆ ಕವಲೊಡೆದ ಕೊಳವೆ, ಅಷ್ಟೇ. ಇನ್‌ಟೇಕ್ ಮ್ಯಾನಿಫೋಲ್ಡ್ ಕಾರ್ಬ್ಯುರೇಟರ್‌ನಿಂದ ಬರುವ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುಟ್ಟ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರ್‌ಗೆ ಕಳಿಸುತ್ತದೆ. ಈ ಇಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಒಂದೇ ಬದಿಗೆ ಇರುವುದರಿಂದ ಎರಡು ಮ್ಯಾನಿಫೋಲ್ಡ್‌ಗಳೂ ಒಂದೇ ಕಡೆ, ಒಂದರ ಮೇಲೊಂದು ಬೋಲ್ಟ್ ಆಗಿವೆ. ಕೆಳಗೆ ಬೆಂಕಿ, ಮೇಲೆ ಪೆಟ್ರೋಲ್. ಕೇಳಿದರೆ ಭಯವಾಗುತ್ತದೆ, ಆದರೆ ಬೇಕಂತಲೇ ಹಾಗೆ ಮಾಡಿದ್ದು. ಚಳಿಯಲ್ಲಿ ಪೆಟ್ರೋಲ್ ಆವಿಯಾಗದೆ ಹನಿಯಾಗಿ ಗೋಡೆಗೆ ಅಂಟುತ್ತದೆ. ಕೆಳಗಿನ ಹೊಗೆ ಮೇಲಿನ ಕೊಳವೆಯ ತಳವನ್ನು ಬಿಸಿ ಮಾಡಿದರೆ ಆವಿಯಾಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಆ ಶಾಖ ಬೇಡ. ಅದಕ್ಕೆ ಒಳಗೆ ಒಂದು ಚಿಟ್ಟೆ ಕವಾಟ, ಹೊರಗೆ ಎರಡು ಲೋಹಗಳನ್ನು ಅಂಟಿಸಿ ಮಾಡಿದ ಸುರುಳಿ ಸ್ಪ್ರಿಂಗ್. ಬಿಸಿಗೆ ಸುರುಳಿ ಸಡಿಲವಾಗಿ ಕವಾಟ ತಿರುಗಿ ಹೊಗೆ ನೇರವಾಗಿ ಕೆಳಗೆ ಹೋಗುತ್ತದೆ. ಸೆನ್ಸರ್ ಇಲ್ಲ, ಕೋಡ್ ಇಲ್ಲ. ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ನಮ್ಮ ಜೀಪಿನಲ್ಲಿ ಆ ಕವಾಟ ತುಕ್ಕು ಹಿಡಿದು 'ಬಿಸಿ' ಕಡೆಗೇ ಜಾಮ್ ಆಗಿತ್ತು. ಅಂದರೆ ಎಷ್ಟೋ ವರ್ಷ, ಏಪ್ರಿಲ್ ಬಿಸಿಲಿನಲ್ಲೂ, ಬೆಂಕಿ ಒಂದೇ ಜಾಗಕ್ಕೆ ಬಡಿಯುತ್ತಿತ್ತು. ಏರು ಹತ್ತುವಾಗ ಪೆಟ್ರೋಲ್ ಕುದಿದು ಇಂಜಿನ್ ನಿಲ್ಲುತ್ತಿದ್ದುದಕ್ಕೂ ಇದೇ ಕಾರಣ ಇರಬೇಕು.

ಬಿಚ್ಚುವ ಮೊದಲು ಪೆಟ್ರೋಲ್ ಪೂರ್ತಿ ಖಾಲಿ ಮಾಡಿದೆ. ಈ ಜೀಪಿನಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೇ! ಬ್ಯಾಟರಿ ತೆಗೆದೆ, ಕಾರ್ಬ್ಯುರೇಟರ್ ಬಿಚ್ಚಿ ಒಳಗಿಟ್ಟೆ. ಮೂರು ಸೂತಿನ ಸ್ಟಡ್‌ಗಳಿಗೆ ಮೂರು ಸಂಜೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದೆ. (ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು. ಈ ಗಾಡಿಗೆ ಮಿಲಿಮೀಟರ್ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆಯುತ್ತದೆ.) ನೇರವಾಗಿ ಬಿಚ್ಚಲು ಹೋಗದೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಹಾಗೆ ಮಾಡಿಯೂ ಎರಡು ಸ್ಟಡ್ ಮುರಿದವು. ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿದರೆ, ಆ ಶಾಖಕ್ಕೇ ತುಕ್ಕಿನ ಹಿಡಿತ ಬಿಡುತ್ತದೆ. ತಣ್ಣಗಾಗಲು ಬಿಟ್ಟು ಪಾನಾ ಹಾಕಿದರೆ ತಿರುಗಿ ಬರುತ್ತದೆ. ಬಂತು.

ಹಳೇ ಗ್ಯಾಸ್ಕೆಟ್ ಬಗ್ಗೆ ಎಚ್ಚರ. ಆ ಕಾಲದವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಗ್ರೈಂಡರ್ ಬ್ರಶ್ ಹಾಕಿ ಕೆರೆಯಲೇಬೇಡಿ. ನೀರಿನಲ್ಲಿ ನೆನೆಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು, ಒದ್ದೆ ಇರುವಾಗಲೇ ಚಾಕುವಿನಿಂದ ಎಬ್ಬಿಸಿ ಕವರಿನಲ್ಲಿ ಕಟ್ಟಿದೆ.

ತುಕ್ಕಿಗೆ ಮರಳು ಹೊಡೆಸುವ ಬದಲು ಅಂಗಳದಲ್ಲೇ ಎಲೆಕ್ಟ್ರಾಲಿಸಿಸ್ ಮಾಡಿದೆ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಲೀಟರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ತಂತಿ ಮ್ಯಾನಿಫೋಲ್ಡಿಗೆ, ಪಾಸಿಟಿವ್ ಹಳೇ ಕಬ್ಬಿಣದ ಸಲಾಕೆಗೆ. ಉಲ್ಟಾ ಕೊಟ್ಟರೆ ಮ್ಯಾನಿಫೋಲ್ಡೇ ಕರಗಲು ಶುರುವಾಗುತ್ತದೆ. ಸಲಾಕೆಯ ಬದಲು ಅಡುಗೆಮನೆಯ ಸ್ಟೀಲ್ ಚಮಚ ಹಾಕಬೇಡಿ, ಅದರ ಕ್ರೋಮಿಯಂ ನೀರಿಗೆ ಬಿಟ್ಟು ವಿಷವಾಗುತ್ತದೆ. ಗುಳ್ಳೆಯಾಗಿ ಬರುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಇಡಬೇಕು, ಹತ್ತಿರ ಬೀಡಿ ಸೇದುವವರನ್ನು ಬಿಡಬಾರದು. ಕಾಕಾನನ್ನು ಎರಡು ಸಲ ಎಬ್ಬಿಸಿದೆ. ಎರಡು ರಾತ್ರಿ ಕಳೆದ ಮೇಲೆ ತುಕ್ಕು ಕರಿ ಕೆಸರಾಗಿ ಬ್ರಶ್ಶಿಗೆ ಉದುರಿತು. ಕೆಳಗೆ ಬೂದು ಬಣ್ಣದ ಲೋಹ, ಎರಕದ ಅಚ್ಚಿನ ನಂಬರ್ ಕೂಡ ಕಾಣಿಸಿತು. ಅವತ್ತು ತುಂಬಾ ಖುಷಿಯಲ್ಲಿದ್ದೆ.

ಮರುದಿನ ಬಿರುಕು ಸಿಕ್ಕಿತು.

ಹುಡುಕಿದ ರೀತಿ ಹಳೆಯದು. ಇಡೀ ತುಂಡಿಗೆ ಚಿಮಣಿ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಬೇಕು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಸುಣ್ಣಕ್ಕೆ ಏರಿ ಗೆರೆಯಾಗಿ ಕಾಣುತ್ತದೆ. ಆ ಚಿಟ್ಟೆ ಕವಾಟದ ಪಕ್ಕದಲ್ಲೇ, ಎರಡು ಇಂಚಿನ ಕಪ್ಪು ಗೆರೆ.

ಬೀಡು

ಎರಕದ ಕಬ್ಬಿಣಕ್ಕೆ ನಮ್ಮ ಕಡೆ 'ಬೀಡು' ಅಂತಾರೆ. ಬೆಳಗಾವಿಯವರಿಗೆ ಇದು ಗೊತ್ತಿರುವ ವಸ್ತು. ಖಾನಾಪುರ ರಸ್ತೆಯಲ್ಲಿ ಉದ್ಯಮಬಾಗ, ಮಚ್ಛೆ ದಾಟುವಾಗ ಫೌಂಡ್ರಿಗಳ ವಾಸನೆಯೇ ಬೇರೆ. ಗಾಡಿಗಳಿಗೆ, ಪಂಪುಗಳಿಗೆ ಬೇಕಾದ ಎರಕದ ಭಾಗಗಳು ಅಲ್ಲಿಂದ ಊರೂರಿಗೆ ಹೋಗುತ್ತವೆ. ಹಾಗಿದ್ದ ಮೇಲೆ ಹೊಸದೇ ಒಂದು ಎರಕ ಹೊಯ್ಸಿದರಾಯಿತಲ್ಲ ಅಂದುಕೊಂಡೆ. ಅಲ್ಲಿ ಕೆಲಸ ಮಾಡುವ ಗೆಳೆಯ ನಕ್ಕ. ಹಳೇ ತುಂಡನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಲು ಬರುವುದಿಲ್ಲ, ಏಕೆಂದರೆ ಬೀಡು ತಣ್ಣಗಾಗುವಾಗ ಶೇ. 1ರಷ್ಟು ಕುಗ್ಗುತ್ತದೆ. ಒಂದಡಿ ಉದ್ದಕ್ಕೆ ಮೂರು ಮಿಲಿಮೀಟರ್, ಸ್ಟಡ್ ತೂತುಗಳು ಕೂರುವುದೇ ಇಲ್ಲ. ಆದ್ದರಿಂದ ದೊಡ್ಡದಾಗಿ ಮರದ ಪ್ಯಾಟರ್ನ್ ಮಾಡಬೇಕು, ಒಳಗಿನ ಟೊಳ್ಳಿಗೆ ಬೇರೆ ಮರಳಿನ ಕೋರ್ ಮಾಡಬೇಕು. ನೂರು ತುಂಡಿಗೆ ಸರಿ, ಒಂದಕ್ಕೆ ಜೀಪಿನ ಬೆಲೆಯೇ ಆಗುತ್ತದೆ. ವಿದೇಶದಲ್ಲಿ ಹೊಸವು ಸಿಗುತ್ತವೆ, ಆದರೆ ಆ ಭಾರಕ್ಕೆ ಕೊರಿಯರ್ ಖರ್ಚು ನೋಡಿ ಟ್ಯಾಬ್ ಮುಚ್ಚಿದೆ.

ಒಂದು ವೆಲ್ಡಿಂಗ್ ಅಂಗಡಿಗೆ ಒಯ್ದೆ. "ಐದ್ ಮಿನಿಟಿನ ಕೆಲ್ಸಾರೀ" ಎಂದು ಮಾಮೂಲಿ ರಾಡ್‌ನಲ್ಲಿ ಗೆರೆ ಎಳೆದು ಕೊಟ್ಟರು. ಚೆನ್ನಾಗಿ ಕಾಣುತ್ತಿತ್ತು. ಬೈಕಿಗೆ ಕಟ್ಟುತ್ತಿದ್ದಾಗ 'ಟಿಣ್' ಎಂದು ಸಣ್ಣ ಸದ್ದು. ವೆಲ್ಡ್ ಗಟ್ಟಿಯಾಗೇ ಇತ್ತು, ಅದರ ಪಕ್ಕದಲ್ಲಿ ಹೊಸ ಬಿರುಕು ಓಡಿತ್ತು. ಎರಡು ಇಂಚಿದ್ದದ್ದು ಮೂರಾಯಿತು. ತಪ್ಪು ಅವರದಷ್ಟೇ ಅಲ್ಲ. ಇಂಜಿನಿಯರಿಂಗ್‌ನಲ್ಲಿ ಓದಿದ ಮೆಟೀರಿಯಲ್ಸ್ ಪಾಠ ನೆನಪಿದ್ದರೆ ನಾನೇ ತಡೆಯಬೇಕಿತ್ತು. ಮಾಮೂಲಿ ಕಬ್ಬಿಣದಲ್ಲಿ ಇಂಗಾಲ ಶೇ. 0.3ಕ್ಕಿಂತ ಕಡಿಮೆ, ಬೀಡಿನಲ್ಲಿ ಶೇ. 3ರ ಆಸುಪಾಸು. ಅದು ಗ್ರಾಫೈಟ್ ಚಕ್ಕೆಗಳಾಗಿ ಕೂತಿರುತ್ತದೆ. ವೆಲ್ಡ್ ಶಾಖಕ್ಕೆ ಕರಗಿ ತಟ್ಟನೆ ತಣ್ಣಗಾದರೆ ಗಾಜಿನಂಥ ಗಡಸು ಪದರವಾಗುತ್ತದೆ. ಸುತ್ತಲಿನ ತಣ್ಣನೆಯ ಭಾಗ ಹಿಗ್ಗುವುದಿಲ್ಲ, ಬಿಸಿ ಭಾಗ ಕುಗ್ಗುವುದನ್ನು ಬಿಡುವುದಿಲ್ಲ. ಎಲ್ಲೋ ಒಂದು ಕಡೆ ಹರಿಯಲೇಬೇಕು.

ದೀಪಾವಳಿಗೆ ಮೂರು ವಾರ ಉಳಿದಿತ್ತು. ಅಪ್ಪ ಏನೂ ಅನ್ನಲಿಲ್ಲ. ಒಂದು ಸಂಜೆ ಒಬ್ಬರೇ ಹೋಗಿ ಜೀಪಿನ ಸೀಟಿನ ಮೇಲೆ ಸ್ವಲ್ಪ ಹೊತ್ತು ಕೂತು ಬಂದರು. ಅದನ್ನು ನೋಡಿದ್ದು ನಾನೊಬ್ಬನೇ.

ಆಗ ಅಪ್ಪನೇ ಹುಡುಕಿದ್ದು ಮಿಸ್ತ್ರಿ ಕಾಕಾನನ್ನು. ವಯಸ್ಸು ಎಪ್ಪತ್ತು ದಾಟಿದೆ, ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ತುಂಡನ್ನು ತಿರುಗಿಸಿ ನೋಡಿ, ಹಳೇ ವೆಲ್ಡ್ ಮೇಲೆ ಉಗುರು ಎಳೆದು, "ಯಾರೋ ಅವಸರದಾಗ ಇದ್ರು" ಎಂದರು. ಆಮೇಲೆ, "ತಮ್ಮಾ, ನಿಮ್ಮ ಮನ್ಯಾಗ ಭತ್ತದ ಹೊಟ್ಟಿನ ಬೂದಿ ಐತೇನು? ಒಂದ್ ಚೀಲ ತುಂಬಿಸಿ ಇಡು."

ಅವರ ಕ್ರಮ ಹೀಗಿತ್ತು. ಮೊದಲು ಹಳೇ ವೆಲ್ಡ್ ಪೂರ್ತಿ ತೆಗೆದು ಬಿರುಕಿನ ಎರಡೂ ತುದಿಗೆ ಒಂದೊಂದು ಸೂತಿನ ತೂತು. ಬಿರುಕು ಮುಂದೆ ಓಡದ ಹಾಗೆ ತಡೆಯುವುದು ಅದು. ಆಮೇಲೆ ಬಿರುಕಿನುದ್ದಕ್ಕೂ ವಿ ಆಕಾರದ ಕಾಲುವೆ. ವರ್ಷಗಟ್ಟಲೆ ಒಳಗಿಳಿದ ಎಣ್ಣೆ-ಮಸಿ ಸುಟ್ಟುಹೋಗಲಿ ಎಂದು ಇಡೀ ತುಂಡನ್ನು ಇದ್ದಿಲ ಕೆಂಡದ ಮೇಲೆ ನಿಧಾನವಾಗಿ ಕಾಯಿಸಿದರು. ಬಿರುಕಿದ್ದ ಜಾಗವನ್ನಷ್ಟೇ ಅಲ್ಲ, ಇಡೀ ತುಂಡನ್ನು. ನನ್ನ ಇನ್‌ಫ್ರಾರೆಡ್ ಥರ್ಮಾಮೀಟರ್ 280 ಡಿಗ್ರಿ ತೋರಿಸಿದಾಗ ಅವರು ತಮ್ಮ ಲೆಕ್ಕದಲ್ಲಿ "ಆತು" ಅಂದರು. ನಿಕ್ಕಲ್ ರಾಡ್ ತಗೊಂಡು ಒಂದು ಇಂಚು ವೆಲ್ಡ್, ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿತ. ಮತ್ತೆ ಒಂದು ಇಂಚು, ಆದರೆ ಪಕ್ಕದಲ್ಲಲ್ಲ, ಆಚೆ ತುದಿಯಲ್ಲಿ. ಬಡಿತ ಯಾಕೆ ಅಂದರೆ, ತಣ್ಣಗಾಗುತ್ತ ಕುಗ್ಗುವ ವೆಲ್ಡನ್ನು ಸುತ್ತಿಗೆ ಸ್ವಲ್ಪ ಹಿಗ್ಗಿಸುತ್ತದೆ, ಎಳೆತ ಕಡಿಮೆಯಾಗುತ್ತದೆ. ನಿಕ್ಕಲ್ ಯಾಕೆ ಅಂದರೆ ಅದು ಮೆದು, ಬೀಡಿನ ಇಂಗಾಲ ಸೇರಿದರೂ ಗಾಜಾಗುವುದಿಲ್ಲ. ರಾಡ್ ದುಬಾರಿ, ಮೂರೇ ರಾಡ್ ಸಾಕಾದವು. ಹಿತ್ತಾಳೆ ಹಾಕಿ ಬೆಸೆಯಬಹುದಲ್ಲ ಎಂದು ಕೇಳಿದೆ. "ಇನ್‌ಟೇಕ್ ಇದ್ರ ಹಾಕ್ತಿದ್ದೆ. ಇದು ಎಕ್ಸಾಸ್ಟ್, ಕೆಂಪಗ ಕಾಯ್ತೈತಿ" ಎಂದರು.

ಮುಗಿದ ಕೂಡಲೇ ಇಡೀ ತುಂಡನ್ನು ಬೂದಿಯಲ್ಲಿ ಹೂತುಬಿಟ್ಟರು. "ನಾಳೆ ಮಧ್ಯಾಹ್ನ ತನಕ ಮುಟ್ಟಬ್ಯಾಡ. ನೋಡಾಕಂತ ಕೆದಕಿದಿ ಅಂದ್ರ ಹ್ವಾದೆ." ಆ ರಾತ್ರಿ ನಾನು 'ಟಿಣ್' ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟೇ ಮಲಗಿದ್ದೆ. ಮರುದಿನ ತೆಗೆದಾಗ ಇನ್ನೂ ಕೈಗೆ ಬೆಚ್ಚಗಿತ್ತು. ಸೀಮೆಸುಣ್ಣ ಉಜ್ಜಿ ನೋಡಿದೆವು. ಗೆರೆ ಇಲ್ಲ.

ಸಮತಟ್ಟು

ಇಷ್ಟು ಕಾಯಿಸಿದ ಮೇಲೆ ಮುಖ ಡೊಂಕಾಗಿರಲೇಬೇಕು. ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಡುವೆ 0.6 ಮಿಲಿಮೀಟರ್ ಸಂದು. ಗ್ಯಾಸ್ಕೆಟ್ ಇಷ್ಟನ್ನು ತುಂಬುವುದಿಲ್ಲ. ಇಲ್ಲಿ ಬಹಳ ಜನ ಮಾಡುವ ತಪ್ಪು, ಎರಡು ಮ್ಯಾನಿಫೋಲ್ಡ್‌ಗಳನ್ನು ಬೇರೆ ಬೇರೆಯಾಗಿ ಉಜ್ಜಿಸುವುದು. ಎರಡೂ ಒಂದೇ ಬ್ಲಾಕಿಗೆ ಒಟ್ಟಿಗೆ ಕೂರಬೇಕು. ಆದ್ದರಿಂದ ನಡುವಿನ ಗ್ಯಾಸ್ಕೆಟ್ ಹಾಕಿ, ಎರಡನ್ನೂ ಜೋಡಿಸಿ ಬೋಲ್ಟ್ ಮಾಡಿಯೇ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಾಡಿಸಿದೆ. ಮನೆಗೆ ತಂದು ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಗ್ರಾನೈಟ್ ತುಂಡಿನ ಮೇಲೆ ಅವ್ವನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಮ್ಯಾನಿಫೋಲ್ಡ್ ಮುಖ ಒತ್ತಿ ನೋಡಿದೆ. ಎಲ್ಲ ಪೋರ್ಟುಗಳ ಸುತ್ತಲೂ ಕೆಂಪು ಹತ್ತಿತು. ಇಂಜಿನಿಯರ್ಸ್ ಬ್ಲೂ ತರಲು ಬೆಳಗಾವಿಗೆ ಮತ್ತೆ ಯಾರು ಹೋಗುತ್ತಾರೆ?

ಕೂರಿಸುವ ಕ್ರಮ ಮುಖ್ಯ, ಇದನ್ನು ಮಾತ್ರ ಬರೆದಿಟ್ಟುಕೊಳ್ಳಿ. ಎರಡು ಮ್ಯಾನಿಫೋಲ್ಡ್‌ಗಳ ನಡುವಿನ ಬೋಲ್ಟ್‌ಗಳನ್ನು ಬೆರಳಲ್ಲಿ ತಿರುಗುವಷ್ಟೇ ಸಡಿಲ ಬಿಡಬೇಕು. ಹಾಗೇ ಬ್ಲಾಕಿಗೆ ಏರಿಸಿ, ಬ್ಲಾಕಿನ ನಟ್‌ಗಳನ್ನು ನಡುವಿನಿಂದ ತುದಿಯ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಸುಮಾರು 30 ಪೌಂಡ್-ಫೂಟ್ ತನಕ ಬಿಗಿಯಬೇಕು. 40 ನ್ಯೂಟನ್ ಮೀಟರ್ ಅಂದುಕೊಳ್ಳಿ. ನಡುವಿನ ಬೋಲ್ಟ್‌ಗಳು ಕೊನೆಗೆ. ಮೊದಲೇ ಅವನ್ನು ಬಿಗಿದರೆ ಎರಡು ತುಂಡುಗಳು ಒಂದನ್ನೊಂದು ಎಳೆದು, ಬ್ಲಾಕಿನಿಂದ ಒಂದು ಮೂಲೆ ಎದ್ದು, ಮೊದಲ ಬಿಸಿಗೇ ಮತ್ತೆ ಬಿರುಕು. ನಮ್ಮದು ಹರಿದದ್ದೂ ಎಂದೋ ಯಾರೋ ಹಾಗೆ ಬಿಗಿದಿದ್ದಕ್ಕೇ ಅಂತ ಮಿಸ್ತ್ರಿ ಕಾಕಾನ ಅನುಮಾನ. ನಟ್‌ಗಳು ಹಿತ್ತಾಳೆಯವು, ಮುಂದಿನ ಸಲ ಬಿಚ್ಚುವವರಿಗೆ ಸ್ಟಡ್ ಮುರಿಯಬಾರದು ಎಂದು. ಬಣ್ಣಕ್ಕೆ 600 ಡಿಗ್ರಿ ತಡೆಯುವ ಸಿಲಿಕಾನ್ ಪೇಂಟ್. ಅದರ ಮೇಲೆ ಇಷ್ಟಕ್ಕಿಂತ ಹೆಚ್ಚು ಬರೆಯುವಂಥದ್ದೇನಿಲ್ಲ, ಆರು ತಿಂಗಳಿಗೆ ಹೋಗುತ್ತದೆ.

ಇಂಜಿನ್ ಶುರು ಮಾಡುವ ಮೊದಲೇ ಪರೀಕ್ಷೆ ಮಾಡಬಹುದು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ಪೈಪಿಗೆ ಬಟ್ಟೆ ಸುತ್ತಿ ತುರುಕಿ, ಮ್ಯಾನಿಫೋಲ್ಡ್ ಸುತ್ತ ಸಾಬೂನು ನೀರು ಹೊಡೆದೆ. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು, ನಟ್ ಅರ್ಧ ಸುತ್ತು ಸಾಲಲಿಲ್ಲ, ಅಷ್ಟೇ. ಆಮೇಲೆ ಇಂಜಿನ್ ಶುರು. ಟಕ್ ಟಕ್ ಇಲ್ಲ. ಬಿಸಿ ಮಾಡಿ, ಪೂರ್ತಿ ತಣಿಸಿ, ನಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕೂರುತ್ತದೆ, ಇದನ್ನು ಮರೆತರೆ ಮೇಲಿನದೆಲ್ಲ ದಂಡ.

ನರಕ ಚತುರ್ದಶಿಯ ದಿನ ಆಕಾಶ ಸ್ವಚ್ಛ ಇತ್ತು. ಆದರೂ ನಾಲ್ಕೂ ಕಡೆ ಪರದೆ ಕಟ್ಟಿದೆ. ಆನ್‌ಲೈನ್‌ನಲ್ಲಿ ತರಿಸಿದ ಕಾರ್ಬನ್ ಮೊನಾಕ್ಸೈಡ್ ಮೀಟರನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಅವ್ವ ಟ್ರಂಕಿನಿಂದ ಕೀಲಿ ತೆಗೆದು ಅಪ್ಪನಿಗಲ್ಲ, ನನಗೆ ಕೊಟ್ಟಳು. "ಮೊದಲ ನೀ ಹೋಗಿ ಬಾ." ಸಂಗೊಳ್ಳಿ ರಾಯಣ್ಣನ ಸಮಾಧಿ ತನಕ ಹೋಗಿ ಬಂದೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ನಮ್ಮ ಊರಲ್ಲೇ, ಹೊರಗಿನವರು ನಂದಗಡವನ್ನು ಗುರುತಿಸುವುದೇ ಅದರಿಂದ. ಅಲ್ಲಿ ಆಲದ ಮರದ ಕೆಳಗೆ ಇಂಜಿನ್ ಓಡುತ್ತಿದ್ದ ಹಾಗೇ ಹದಿನೈದು ನಿಮಿಷ ಕೂತೆ. ಮೀಟರ್ ಸೊನ್ನೆ ತೋರಿಸುತ್ತಿತ್ತು. ಮನೆಗೆ ಬಂದು ಅಪ್ಪನನ್ನು ಕೂರಿಸಿಕೊಂಡು ಖಾನಾಪುರಕ್ಕೆ ಹೊರಟೆ. ಅರ್ಧ ದಾರಿಯಲ್ಲಿ "ಇಳಿ, ನಾ ಹೊಡಿತೀನಿ" ಎಂದರು. ಮಲಪ್ರಭಾ ಸೇತುವೆ ತನಕ ಹೋಗಿ ತಿರುಗಿ ಬಂದೆವು. ಮನೆ ಮುಂದೆ ಇಳಿದ ಮೇಲೆ ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಚಹಾ ಕೇಳಿದರು.

ಒಂದು ಕೆಲಸ ಬಾಕಿ ಇದೆ. ಚಿಟ್ಟೆ ಕವಾಟ ಈಗ ಸಲೀಸಾಗಿ ತಿರುಗುತ್ತದೆ, ಆದರೆ ಅದರ ಸುರುಳಿ ಸ್ಪ್ರಿಂಗ್ ತುಕ್ಕಿನಲ್ಲಿ ಪುಡಿಯಾಗಿತ್ತು. ಸದ್ಯಕ್ಕೆ ಕವಾಟವನ್ನು 'ತಂಪು' ಕಡೆಗೆ ತಂತಿಯಿಂದ ಕಟ್ಟಿದ್ದೇನೆ, ಚಳಿ ಬೆಳಗಿನಲ್ಲಿ ಇಂಜಿನ್ ಐದು ನಿಮಿಷ ಗೊಣಗುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ, ಹಳೇ ಗ್ಯಾರೇಜಿನ ಡಬ್ಬಿಯಲ್ಲಿ ಅಂಥ ಸ್ಪ್ರಿಂಗ್ ಒಂದು ಬಿದ್ದಿದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ, ನಾನೇ ಬಂದು ಒಯ್ಯುತ್ತೇನೆ.